ಅಳಿಸಿದ ಊರುಗಳ ಲೆಕ್ಕ

(ಯುವಜನರ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಇವತ್ತು ನಾನು ದೂರದ ಒಂದು ಸೀಮೆಯ ಹಳ್ಳಿಗಳ ಬಗ್ಗೆ ಮಾತಾಡೋಕೆ ನಿಂತಿದೀನಿ. ಆ ಹಳ್ಳಿಗಳು ಈಗ ಇಲ್ಲ. ಕೆಲವು ಕಡೆ ಗೋಡೆ ಇದೆ, ಜನ ಇಲ್ಲ. ಕೆಲವು ಕಡೆ ಜನ ಇದಾರೆ, ಅವರು ಬೇರೆ ಜನ. ಬಹಳ ಕಡೆ ಊರಿನ ಹೆಸರೂ ಉಳಿದಿಲ್ಲ. ಹೀಗೆ ಇಲ್ಲವಾದ ಊರುಗಳನ್ನ ಕೆಲವರು ಕಾಗದದ ಮೇಲೆ ಮನೆ ಮನೆಯಾಗಿ ಮತ್ತೆ ಕಟ್ಟಿದರು. ಯಾಕೆ ಕಟ್ಟಿದರು, ಹೇಗೆ ಕಟ್ಟಿದರು, ಕಟ್ಟುವಾಗ ಯಾರನ್ನ ಬಿಟ್ಟರು, ಇಷ್ಟೇ ನನ್ನ ಮಾತು.

ಮೊದಲು ಜಾಗ ಯಾವುದು ಅಂತ ಹೇಳ್ತೀನಿ. ಇವತ್ತಿನ ತುರ್ಕಿ ದೇಶದ ಪೂರ್ವ ಭಾಗ. ಯೂಫ್ರೆಟಿಸ್, ಟೈಗ್ರಿಸ್ ನದಿಗಳು ಹುಟ್ಟೋ ಬೆಟ್ಟಸೀಮೆ. ಅಲ್ಲಿ ಆರ್ಮೇನಿಯನ್ನರು ಎರಡೂವರೆ ಸಾವಿರ ವರ್ಷದಿಂದ ಬದುಕಿದ್ದರು. ಕ್ರೈಸ್ತ ಜನ. ಅವರದೇ ಭಾಷೆ, ಅವರದೇ ಲಿಪಿ. ಆಳುತ್ತಿದ್ದವರು ಆಟೋಮನ್ ಸುಲ್ತಾನರು. ಆ ಭಾಷೆಯ ಮೊಟ್ಟಮೊದಲ ಪತ್ರಿಕೆ ಅಚ್ಚಾದದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಮದರಾಸಿನಲ್ಲಿ, 1794ರಲ್ಲಿ. ವ್ಯಾಪಾರಕ್ಕೆ ಬಂದು ನೆಲೆಸಿದ್ದ ಆರ್ಮೇನಿಯನ್ನರಿಗಾಗಿ ಒಬ್ಬ ಪಾದ್ರಿ ಅದನ್ನ ಹೊರಡಿಸಿದ. ಹೆಸರು 'ಅಜ್ದರಾರ್'. ಅಷ್ಟು ಹಳೇ ಅಕ್ಷರದ ಜನ.

1913-14ರಲ್ಲಿ ಇಸ್ತಾಂಬುಲಿನ ಆರ್ಮೇನಿಯನ್ ಧರ್ಮಪೀಠ ಒಂದು ಗಣತಿ ಮಾಡಿಸಿತು. ಆ ಗಣತಿ ಪ್ರಕಾರ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರು ಇದ್ದ ಊರು ಪಟ್ಟಣಗಳು 2,925. ಚರ್ಚುಗಳು 2,538. ಮಠಗಳು 451. ಶಾಲೆಗಳು ಹತ್ತಿರ ಹತ್ತಿರ 2,000. ಜನ 19 ಲಕ್ಷಕ್ಕೂ ಮೇಲೆ. ಸರ್ಕಾರದ ಲೆಕ್ಕ ಇದಕ್ಕಿಂತ ಕಡಿಮೆ ತೋರಿಸ್ತಿತ್ತು. ಜನಗಣತಿಯಲ್ಲೇ ಜನರನ್ನ ಕಡಿಮೆ ಮಾಡೋ ಚಾಳಿ ಆಳುವವರಿಗೆ ಹಳೇದು.

ಆ ಹಳ್ಳಿ ಬದುಕು ಹೇಗಿತ್ತು? ಮಣ್ಣಿನ ಗೋಡೆ, ಮಟ್ಟಸವಾದ ಮಣ್ಣಿನ ಮಾಳಿಗೆ. ಮನೆ ಒಳಗೆ ನೆಲದಲ್ಲಿ ಹೂತ ಒಲೆ. ಅದಕ್ಕೆ ತೋನಿರ್ ಅಂತಾರೆ. ರೊಟ್ಟಿ ಸುಡೋದು ಅಲ್ಲೇ. ಹಿಮ ಬೀಳೋ ಕಾಲದಲ್ಲಿ ಮೇಲೊಂದು ಕೌದಿ ಹರಡಿ, ಮನೆ ಮಂದಿಯೆಲ್ಲ ಅದರೊಳಗೆ ಕಾಲು ಚಾಚಿ ಮೈ ಕಾಯಿಸಿಕೊಳ್ಳೋದೂ ಅಲ್ಲೇ. ಉರುವಲಿಗೆ ಬೆರಣಿ. ತಟ್ಟೋದು, ಒಣಗಿಸೋದು, ಒಟ್ಟೋದು ಹೆಂಗಸರ ಕೆಲಸ. ಗೋಧಿಯನ್ನ ಬೇಯಿಸಿ, ಮಾಳಿಗೆ ಮೇಲೆ ಒಣಗಿಸಿ, ಬೀಸೋಕಲ್ಲಿನಲ್ಲಿ ನುಚ್ಚು ಮಾಡಿ ಚಳಿಗಾಲಕ್ಕೆ ತುಂಬಿಡೋರು. ಕಣದಲ್ಲಿ ಎತ್ತು ಕಟ್ಟಿ ಹಲಗೆ ಎಳೆಸೋರು. ತೆನೆ ಕತ್ತರಿಸಲಿ ಅಂತ ಹಲಗೆಯ ಅಡಿಗೆ ಚೂಪು ಕಲ್ಲು ಕೂಡಿಸಿರೋರು. ಹಿಪ್ಪುನೇರಳೆ, ದ್ರಾಕ್ಷಿ, ಜರದಾಳು ಹಣ್ಣಿನ ತೋಟ. ಕಮ್ಮಾರರು, ಚಮ್ಮಾರರು, ನೇಕಾರರು, ಕುರಿ ಕಾಯೋರು.

ಅದು ಸ್ವರ್ಗವಾಗಿತ್ತು ಅಂತ ಮಾತ್ರ ತಿಳೀಬೇಡಿ. ಸರ್ಕಾರಕ್ಕೆ ಕಂದಾಯ ಒಂದು, ಬೆಟ್ಟದ ಕುರ್ದಿ ಪಾಳೇಗಾರರಿಗೆ ಕಾಣಿಕೆ ಇನ್ನೊಂದು. ಎರಡೂ ಕೊಡಬೇಕು. ಹಿಂದೆಲ್ಲ ಚಳಿಗಾಲಕ್ಕೆ ಕುರಿಮಂದೆ ಸಮೇತ ಬೆಟ್ಟ ಇಳಿದು ಬಂದವರಿಗೆ ತಮ್ಮ ಮನೆಯಲ್ಲೇ ಜಾಗ, ಮೇವು ಪುಕ್ಕಟೆ ಕೊಡಬೇಕಿತ್ತು. ನ್ಯಾಯದ ಮುಂದೆ ಕ್ರೈಸ್ತ ರೈತನ ಮಾತಿಗೆ ತೂಕ ಕಡಿಮೆ. ಈ ಜನ ಸುಧಾರಣೆ ಬೇಕು, ಸಮಾನತೆ ಬೇಕು ಅಂದರು. ಸಿಕ್ಕಿದ್ದು ಕತ್ತಿ. 1894ರಿಂದ 96ರವರೆಗೆ ಸುಲ್ತಾನ್ ಅಬ್ದುಲ್ ಹಮೀದನ ಕಾಲದ ಕಗ್ಗೊಲೆಗಳಲ್ಲಿ ಸತ್ತವರು ಒಂದರಿಂದ ಮೂರು ಲಕ್ಷ ಅಂತ ಅಂದಾಜು. 1909ರಲ್ಲಿ ಅದಾನಾ ಸೀಮೆಯಲ್ಲಿ ಮತ್ತೆ 20 ಸಾವಿರದಷ್ಟು. ಅದಾನಾ ಸುಟ್ಟ ಮೇಲೆ ಜಾಬೆಲ್ ಯೆಸಾಯನ್ ಅನ್ನೋ ಹೆಣ್ಣುಮಗಳು, ಕತೆಗಾರ್ತಿ, ಅಲ್ಲಿಗೆ ಹೋಗಿ ಅನಾಥ ಮಕ್ಕಳನ್ನೂ ವಿಧವೆಯರನ್ನೂ ಕಂಡು 1911ರಲ್ಲಿ ಪುಸ್ತಕ ಬರೆದಳು. ಓದಿದವರು ಓದಿದರು. ಆಳುವವರು ತಮ್ಮ ಪಾಠ ತಾವು ಕಲಿತುಕೊಂಡರು. ಇಷ್ಟು ಜನರನ್ನ ಕೊಂದರೂ ಕೇಳೋರಿಲ್ಲ ಅನ್ನೋದೇ ಆ ಪಾಠ.

ಆಮೇಲೆ 1915 ಬಂತು. ಮೊದಲನೇ ಮಹಾಯುದ್ಧ ನಡೀತಿತ್ತು. ಅಧಿಕಾರ ತಲಾತ್, ಎನ್ವರ್, ಜೆಮಾಲ್ ಅನ್ನೋ ಮೂವರು ಪಾಷಾಗಳ ಕೈಯಲ್ಲಿ. ಅವರ ಪಕ್ಷದ ಹೆಸರು 'ಐಕ್ಯತೆ ಮತ್ತು ಪ್ರಗತಿ'. ಹೆಸರು ನೋಡಿ, ಎಷ್ಟು ಚೆನ್ನಾಗಿದೆ! ಕೆಲಸ ಮೆಟ್ಟಲು ಮೆಟ್ಟಲಾಗಿ ನಡೀತು.

ಸೈನ್ಯಕ್ಕೆ ಸೇರಿಸಿಕೊಂಡಿದ್ದ ಆರ್ಮೇನಿಯನ್ ಗಂಡಸರ ಕೈಯಿಂದ ಮೊದಲು ಬಂದೂಕು ಕಿತ್ತುಕೊಂಡರು. ರಸ್ತೆ ಮಾಡೋ ಕೂಲಿ ಪಡೆಗಳಿಗೆ ಹಾಕಿದರು. ದುಡಿಸಿಕೊಂಡು ಕೊಂದರು. ಏಪ್ರಿಲ್ 24ರ ರಾತ್ರಿ ರಾಜಧಾನಿಯಲ್ಲಿ ಕವಿಗಳು, ಮೇಷ್ಟರು, ಪತ್ರಕರ್ತರು, ವಕೀಲರು, ಡಾಕ್ಟರುಗಳು ಹೀಗೆ ಇನ್ನೂರಕ್ಕೂ ಹೆಚ್ಚು ಜನರನ್ನ ಹಿಡಿದರು. ಮಾತಾಡೋ ಬಾಯಿ ಮೊದಲು ಕಟ್ಟಿದರು. ಮೇ 27ಕ್ಕೆ ಗಡೀಪಾರಿನ ಕಾನೂನು. ಆಮೇಲೆ ಊರೂರಿಗೆ ಡಂಗುರ. ಇಷ್ಟು ದಿನದಲ್ಲಿ ಹೊರಡಬೇಕು ಅಂತ. ಉಳಿದಿದ್ದ ಗಂಡಸರನ್ನ ಊರಾಚೆ ಕರೆದೊಯ್ದು ಕೊಂದರು. ಹೆಂಗಸರು, ಮಕ್ಕಳು, ಮುದುಕರನ್ನ ಕಾಲ್ನಡಿಗೆಯಲ್ಲಿ ದಕ್ಷಿಣಕ್ಕೆ ಅಟ್ಟಿದರು. ದಾರಿ ಮುಗಿಯೋದು ಸಿರಿಯಾದ ಮರಳುಗಾಡಿನ ದೇರ್ ಜೋರ್‌ನಲ್ಲಿ.  ಬದುಕಿ ಅಲ್ಲಿವರೆಗೆ ಮುಟ್ಟಿದವರನ್ನ 1916ರಲ್ಲಿ ಮತ್ತೆ ಕೊಂದರು. ಒಟ್ಟು ಸತ್ತವರು ಆರು ಲಕ್ಷದಿಂದ ಹದಿನೈದು ಲಕ್ಷ ಅಂತ ಬೇರೆ ಬೇರೆ ಅಂದಾಜುಗಳಿವೆ.

ಕಂಡವರು ಹೇಳಿದ್ದಾರೆ. ಖಾರ್ಪೆರ್ಟ್ ಪಟ್ಟಣದಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಲೆಸ್ಲಿ ಡೇವಿಸ್ ಕುದುರೆ ಮೇಲೆ ಹೋಗಿ ಅಲ್ಲಿನ ಕೆರೆಯ ಸುತ್ತ ಸಾವಿರಾರು ಹೆಣ ಕಂಡು ವರದಿ ಬರೆದ. ಜರ್ಮನ್ ಸೈನ್ಯದ ಆರ್ಮಿನ್ ವೇಗ್ನರ್ ಗಡೀಪಾರಾದವರ ಫೋಟೋ ತೆಗೆದ. ಇಲ್ಲ ಅಂದ ಅಧಿಕಾರಿಗಳೂ ಇದ್ದರು. ಕೊನ್ಯಾದ ಗವರ್ನರ್ ಜೆಲಾಲ್ ಬೇ ಆಜ್ಞೆ ಪಾಲಿಸಲಿಲ್ಲ, ಕೆಲಸ ಕಳಕೊಂಡ. ಲಿಜೆ ತಾಲ್ಲೂಕಿನ ಅಧಿಕಾರಿ ಹುಸೇನ್ ನೆಸಿಮಿ ಆಗೋಲ್ಲ ಅಂದ, ಅವನನ್ನೇ ಕೊಲ್ಲಿಸಿದರು. ಇವರಿಬ್ಬರೂ ಮುಸಲ್ಮಾನರು. ಈ ಮಾತು ಯಾಕೆ ಹೇಳ್ತೀನಿ ಅಂದರೆ, ಪಾಪವನ್ನ ಒಂದು ಮತದ ತಲೆಗೆ ಕಟ್ಟಿಬಿಟ್ಟರೆ ಮಾಡಿದ ಸರ್ಕಾರ ನುಣುಚಿಕೊಳ್ಳುತ್ತೆ.

ಗೆಳೆಯರೆ, ಜನ ಸತ್ತ ಮಾತ್ರಕ್ಕೆ ಊರು ಸಾಯೋದಿಲ್ಲ. ಊರು ಸಾಯಿಸೋಕೆ ಆಫೀಸು ಬೇಕು. 1915ರ ಸೆಪ್ಟೆಂಬರಿನಲ್ಲಿ ಒಂದು ಕಾನೂನು ಬಂತು. ಆರ್ಮೇನಿಯನ್ನರ ಮನೆ, ಹೊಲ, ದನಕರು, ಅಂಗಡಿ ಎಲ್ಲಕ್ಕೂ ಸರ್ಕಾರ ಒಂದು ಹೆಸರು ಇಟ್ಟಿತು: 'ಬಿಟ್ಟುಹೋದ ಆಸ್ತಿ'. ಬಂದೂಕು ತೋರಿಸಿ ಹೊರಡಿಸಿದವರೇ ಇವರು ಬಿಟ್ಟುಹೋದರು ಅಂತ ಬರೆದುಕೊಂಡರು! ಅದನ್ನ ಲೆಕ್ಕ ಹಾಕೋಕೆ, ಹಂಚೋಕೆ ಸಮಿತಿಗಳು. ಒಳ್ಳೇದು ಊರಿನ ಬಲಿಷ್ಠರಿಗೆ, ಪಕ್ಷದವರಿಗೆ. ಒಂದು ಪಾಲು ಬಾಲ್ಕನ್ ಕಡೆಯಿಂದ ತಾವೇ ಮನೆ ಕಳಕೊಂಡು ಓಡಿ ಬಂದ ಮುಸಲ್ಮಾನ ಬಡವರಿಗೆ. ಒಬ್ಬ ಸಂತ್ರಸ್ತನ ಒಲೆ ಮುಂದೆ ಇನ್ನೊಬ್ಬ ಸಂತ್ರಸ್ತನನ್ನ ಕೂರಿಸೋದು. ಆಗ ಅವನು ಹಳಬರು ಬರಬಾರದು ಅಂತಲೇ ಬೇಡಿಕೊಳ್ತಾನೆ.

ಇಷ್ಟಾದ ಮೇಲೆ ಹೆಸರು. 1916ರ ಜನವರಿ 5ರಂದು ಎನ್ವರ್ ಪಾಷಾ ಹೊರಡಿಸಿದ ಆಜ್ಞೆ: ಆರ್ಮೇನಿಯನ್, ಗ್ರೀಕ್, ಬಲ್ಗೇರಿಯನ್ ಹೆಸರಿನ ಊರು, ಬೆಟ್ಟ, ನದಿಗಳಿಗೆಲ್ಲ ತುರ್ಕಿ ಹೆಸರು ಇಡಿ. ಸಾಮ್ರಾಜ್ಯ ಹೋಗಿ ಗಣರಾಜ್ಯ ಬಂದರೂ ಈ ಕೆಲಸ ನಿಲ್ಲಲಿಲ್ಲ. 1957ರಲ್ಲಿ ಹೆಸರು ಬದಲಿಸೋಕೇ ಅಂತ ಪರಿಣತರ ಸಮಿತಿ ಆಯಿತು. ಸಾವಿರಾರು ಹಳ್ಳಿಗಳ ಹೆಸರು ಹೋದವು. ಬರೀ ಆರ್ಮೇನಿಯನ್ ಊರುಗಳದ್ದಲ್ಲ, ಕುರ್ದಿ, ಗ್ರೀಕ್, ಅರಬ್ಬಿ ಹೆಸರುಗಳೂ. 2005ರಲ್ಲಂತೂ ತುರ್ಕಿಯ ಪರಿಸರ ಇಲಾಖೆ ಕಾಡುಕುರಿ, ಜಿಂಕೆ, ನರಿಗಳ ವೈಜ್ಞಾನಿಕ ಹೆಸರಲ್ಲಿದ್ದ ಆರ್ಮೇನಿಯ, ಕುರ್ದಿಸ್ತಾನ ಅನ್ನೋ ಪದಗಳನ್ನೂ ತೆಗೆದುಹಾಕಿತು. ಕುರಿಯ ಹೆಸರಿಗೂ ಹೆದರೋ ಸರ್ಕಾರ!

ಹಾಗಾದರೆ ಹೆಸರಲ್ಲಿ ಏನಿದೆ? ಅಲೆಪ್ಪೊ ನಗರದ ಒಂದು ದಾಖಲೆ ಪುಸ್ತಕ ಇದಕ್ಕೆ ಉತ್ತರ ಹೇಳುತ್ತೆ. ಯುದ್ಧ ಮುಗಿದ ಮೇಲೆ, ಹಳ್ಳಿಗಳಲ್ಲಿ, ಗುಡಾರಗಳಲ್ಲಿ ಸಿಕ್ಕಿಹಾಕಿಕೊಂಡಿದ್ದ ಹುಡುಗಿಯರನ್ನೂ ಮಕ್ಕಳನ್ನೂ ಬಿಡಿಸಿ ತಂದು ಇಟ್ಟುಕೊಳ್ಳೋ ಒಂದು ಆಸರೆ ಮನೆಯನ್ನ ಲೀಗ್ ಆಫ್ ನೇಷನ್ಸ್ ಅಲ್ಲಿ ನಡೆಸಿತು. ನೋಡಿಕೊಂಡವಳು ಡೆನ್ಮಾರ್ಕಿನ ಕರೆನ್ ಯೆಪ್ಪೆ. ಬಂದವರ ಫೋಟೋ ಅಂಟಿಸಿ, ಪಕ್ಕದಲ್ಲಿ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಊರು, ಆಮೇಲೆ ನಾಲ್ಕು ಸಾಲಿನಲ್ಲಿ ನಡೆದದ್ದು ಬರೀತಿದ್ದರು. ಸಾವಿರಕ್ಕೂ ಹೆಚ್ಚು ಜನರ ವಿವರ ಇವತ್ತಿಗೂ ಜಿನೀವಾದಲ್ಲಿದೆ. ಆ ಪುಟಗಳನ್ನ ಯೋಚನೆ ಮಾಡಿ. ಆರೇಳು ವರ್ಷಕ್ಕೆ ಕಿತ್ತು ಒಯ್ದ ಮಗು. ಭಾಷೆ ಮರೆತಿರಬಹುದು, ಮೈ ಮೇಲೆ ಹಚ್ಚೆ ಬಿದ್ದಿರಬಹುದು, ಹೆಸರು ಬದಲಾಗಿರಬಹುದು. ಊರಿನ ಹೆಸರೊಂದು ನೆನಪಿದ್ದರೆ ಅಣ್ಣನೋ ಚಿಕ್ಕಪ್ಪನೋ ಎಲ್ಲಾದರೂ ಇದ್ದರೆ ಹುಡುಕಬಹುದಿತ್ತು. ಊರಿನ ಹೆಸರು ಅಂದರೆ ಮನೆಗೆ ಹೋಗೋ ದಾರಿ. ಅದನ್ನೇ ಅಳಿಸಿದರು.

ಬದುಕಿದವರು ಬೈರುತ್, ಅಲೆಪ್ಪೊ, ಪ್ಯಾರಿಸ್, ಬ್ಯೂನಸ್ ಐರಿಸ್, ಅಮೆರಿಕದ ಗಿರಣಿ ಊರುಗಳು ಹೀಗೆ ಚೆದರಿದರು. ಹೋದ ಕಡೆಯೆಲ್ಲ ಒಂದೊಂದು ಊರಿನವರು ಸೇರಿ ಊರಿನವರ ಸಂಘ ಮಾಡಿಕೊಂಡರು. ಮೊದಮೊದಲು ಅನಾಥರಿಗೆ ದುಡ್ಡು, ಶಾಲೆಗೆ ದುಡ್ಡು. ಆಮೇಲೆ ವಯಸ್ಸಾಗ್ತಾ ಬಂತು. ನಾವು ಸತ್ತರೆ ಊರೂ ಸತ್ತಂತೆ ಅಂತ ಹೊಳೀತು. ಆಗ ಶುರುವಾಯಿತು ಪುಸ್ತಕದ ಕೆಲಸ. ಆರ್ಮೇನಿಯನ್ ಭಾಷೆಯಲ್ಲಿ ಹುಷಮದ್ಯಾನ್ ಅಂತಾರೆ, ನೆನಪಿನ ಹೊತ್ತಗೆ. ಇಂಥವು ನೂರಾರು ಬಂದಿವೆ. ಬರೆದವರಲ್ಲಿ ಮೇಷ್ಟರು ಇದ್ದರು, ಪಾದ್ರಿಗಳಿದ್ದರು, ಅಂಗಡಿ ಇಟ್ಟವರು, ಕಾರ್ಖಾನೆಯಲ್ಲಿ ದುಡಿದು ಬಂದವರೂ ಇದ್ದರು. ಚಂದಾ ಎತ್ತಿ ಅಚ್ಚು ಹಾಕಿದರು.

ಆ ಪುಸ್ತಕಗಳಲ್ಲಿ ಏನಿರುತ್ತೆ? ನೆನಪಿನಿಂದ ಕೈಯಲ್ಲೇ ಬರೆದ ಊರಿನ ನಕ್ಷೆ. ಚರ್ಚು ಇಲ್ಲಿ, ಗಿರಣಿ ಇಲ್ಲಿ, ನೀರಿನ ಬುಗ್ಗೆ ಇಲ್ಲಿ. ಮನೆತನಗಳ ಪಟ್ಟಿ, ಅಡ್ಡಹೆಸರುಗಳು, ಕಸುಬುಗಳು. ಮದುವೆ ಹೇಗೆ ಮಾಡ್ತಿದ್ದರು, ಹೆಣ ಹೇಗೆ ಎತ್ತುತ್ತಿದ್ದರು, ಮಕ್ಕಳ ಆಟ ಯಾವುವು, ಗಾದೆಗಳು, ಬೈಗುಳಗಳು, ಯಾವ ಕಾಯಿಲೆಗೆ ಯಾವ ಸೊಪ್ಪು. ಆ ಊರಿನ ಮಾತಿನ ಪದಕೋಶ. ಈ ಕೊನೇದು ಬಹಳ ಮುಖ್ಯ. ಕಣಿವೆಗೊಂದು ಆಡುಮಾತು ಇದ್ದ ಜನ ಅವರು. ಊರು ಹೋದಾಗ ಆ ಊರು ತನ್ನ ನೇಗಿಲಿನ ಭಾಗಗಳಿಗೆ, ಹಿಟ್ಟಿನ ಹದಕ್ಕೆ, ಹಿಮದ ಬಗೆಗಳಿಗೆ ಇಟ್ಟಿದ್ದ ಪದಗಳೂ ಹೋದವು. ಪಶ್ಚಿಮ ಆರ್ಮೇನಿಯನ್ ಭಾಷೆಯನ್ನೇ 2010ರಲ್ಲಿ ಯುನೆಸ್ಕೊ ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು.

ಕವಿತೆ ಬರೆಯೋ ಹುಡುಗನಾಗಿ ಇಲ್ಲಿ ಒಬ್ಬ ಕವಿಯ ವಿಷಯ ಹೇಳಲೇಬೇಕು. ದಾನಿಯೆಲ್ ವರೂಜಾನ್. 1884ರಲ್ಲಿ ಸಿವಾಸ್ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ. ವೆನಿಸ್‌ನಲ್ಲಿ, ಬೆಲ್ಜಿಯಂನಲ್ಲಿ ಓದಿ ಬಂದು ಮೇಷ್ಟರಾದ. ಅಷ್ಟೆಲ್ಲ ಓದಿದವನು ಕೊನೆಗೆ ಬರೆದದ್ದು ಉಳುಮೆ, ಬಿತ್ತನೆ, ಕೊಯ್ಲು, ಕಣ, ಗಿರಣಿ, ರೊಟ್ಟಿ ಬಗ್ಗೆ. 'ರೊಟ್ಟಿಯ ಹಾಡು' ಅಂತ ಆ ಸಂಕಲನದ ಹೆಸರು. ಮುಗಿಸೋಕೆ ಬಿಡಲಿಲ್ಲ. ಏಪ್ರಿಲ್ 24ರಂದು ಹಿಡಿದರು, ಆಗಸ್ಟ್ 26ಕ್ಕೆ ದಾರಿಯಲ್ಲಿ ಕೊಂದರು. ವಯಸ್ಸು 31. ಹಸ್ತಪ್ರತಿ ಪೊಲೀಸರ ವಶ. ಆಮೇಲೆ ಲಂಚ ಕೊಟ್ಟು ಅದನ್ನ ಬಿಡಿಸಿ ತಂದು 1921ರಲ್ಲಿ ಅಚ್ಚು ಹಾಕಿದರು. ಅಷ್ಟು ಹೊತ್ತಿಗೆ ಅವನು ಬರೆದ ಹೊಲಗಳಲ್ಲಿ ಬಿತ್ತೋರೇ ಇರಲಿಲ್ಲ.

ಅದೇ ದಿನ ಹಿಡಿದ ಇನ್ನೊಬ್ಬ ಕೊಮಿತಾಸ್. ಪಾದ್ರಿ, ಸಂಗೀತಗಾರ, ತಬ್ಬಲಿಯಾಗಿ ಬೆಳೆದವನು. ಹಳ್ಳಿ ಹಳ್ಳಿ ತಿರುಗಿ ಉಳುವವರ, ಬೀಸುವವರ ಹಾಡು ಸಾವಿರಗಟ್ಟಲೆ ಬರೆದುಕೊಂಡಿದ್ದ. ಅವನನ್ನ ವಾಪಸ್ ಬಿಟ್ಟರು. ಆದರೆ ಕಂಡದ್ದನ್ನ ತಡೆಯೋಕೆ ಮನಸ್ಸಿಗೆ ಆಗಲಿಲ್ಲ. 1935ರಲ್ಲಿ ಪ್ಯಾರಿಸ್ಸಿನ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ. ಅವನ ಕಾಗದಗಳಲ್ಲಿ ಬಹಳಷ್ಟು ಕಳೆದುಹೋದವು. ಉಳಿದಷ್ಟು ಹಾಡು ಇವತ್ತು ಆ ಜನರ ಹಾಡು.

ಇನ್ನು ಒಂದು ಕಹಿ ಮಾತು. ಈ ನೆನಪಿನ ಹೊತ್ತಗೆಗಳನ್ನ ಬರೆದವರು ಹೆಚ್ಚುಪಾಲು ಗಂಡಸರು, ಅಕ್ಷರ ಬಲ್ಲವರು. ಪಾದ್ರಿ, ಮೇಷ್ಟರು, ದಾನಿಗಳ ಹೆಸರು ಪುಟಗಟ್ಟಲೆ ಬರುತ್ತೆ. ಬೆರಣಿ ತಟ್ಟಿದವಳು 'ನಮ್ಮ ತಾಯಂದಿರು' ಅನ್ನೋ ಒಂದು ಸಾಲಿನಲ್ಲಿ ಮುಗಿದುಹೋಗ್ತಾಳೆ. ಅದಕ್ಕಿಂತ ದೊಡ್ಡ ಮೌನ ಇನ್ನೊಂದಿದೆ. ದಾರಿಯಲ್ಲಿ ಕಿತ್ತುಕೊಂಡ ಹೆಣ್ಣುಮಕ್ಕಳು ಹತ್ತಾರು ಸಾವಿರ. ಬಹಳ ಜನ ವಾಪಸ್ ಬರಲಿಲ್ಲ. ಹೆಸರು, ಮತ ಬದಲಾಗಿ, ಹಿಡಿದವರ ಮನೆಯಲ್ಲೇ ಸೊಸೆಯರಾಗಿ, ತಾಯಂದಿರಾಗಿ ಮುದುಕಿಯರಾದರು. ಅವರನ್ನ ತುರ್ಕಿ ಸರ್ಕಾರವೂ ಬರೀಲಿಲ್ಲ, ತಮ್ಮ ಜನವೂ ಬಹಳ ಕಾಲ ಬರೀಲಿಲ್ಲ.

ಆ ಮೌನವನ್ನ ಒಡೆದವಳು ಒಬ್ಬ ಮೊಮ್ಮಗಳು. ಫೆತಿಯೆ ಚೆತಿನ್, ತುರ್ಕಿಯ ವಕೀಲೆ. ತನ್ನ ಅಜ್ಜಿ ಸೆಹೆರ್ ಅಪ್ಪಟ ಮುಸ್ಲಿಂ ಮುದುಕಿ ಅಂತಲೇ ತಿಳಿದಿದ್ದಳು. ಒಂದು ದಿನ ಅಜ್ಜಿ ಕರೆದು ಹೇಳಿದಳು: ನನ್ನ ಹೆಸರು ಹೆರಾನುಷ್, ನಮ್ಮೂರು ಹಬಾಬ್, ನನ್ನ ಅವ್ವ ಅಪ್ಪ ಅಮೆರಿಕದಲ್ಲಿದ್ದರು, ನಮ್ಮವರನ್ನ ಹುಡುಕಿ ಕೊಡು. ಗಡೀಪಾರಿನ ದಾರಿಯಲ್ಲಿ ಒಬ್ಬ ಪೊಲೀಸಿನವನು ಅವಳನ್ನ ತಾಯಿಯ ಕೈಯಿಂದ ಕಿತ್ತುಕೊಂಡಿದ್ದ. ಆಗ ಹತ್ತು ವರ್ಷದ ಹುಡುಗಿ. ಅರುವತ್ತು ವರ್ಷ ಬಾಯಿ ಬಿಡದೆ ಬದುಕಿದ್ದಳು. ಅವಳ ಥರದ್ದೇ ಕತೆಯ ಮುದುಕಿಯರು ವರ್ಷಕ್ಕೊಂದು ದಿನ ಒಬ್ಬರ ಮನೆಗೆ ಒಬ್ಬರು ಹೋಗಿ ಹೆಣೆದ ಸಿಹಿ ರೊಟ್ಟಿ ತಿಂದು ಬರ್ತಿದ್ದರಂತೆ. ಅದು ಈಸ್ಟರ್ ಹಬ್ಬದ ರೊಟ್ಟಿ ಅಂತ ಮೊಮ್ಮಗಳಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಅಕ್ಷರ ಇಲ್ಲದವರು ಹಿಟ್ಟಿನಲ್ಲಿ ಬರೆದಿಟ್ಟಿದ್ದರು ನೋಡಿ! 2004ರಲ್ಲಿ 'ನನ್ನ ಅಜ್ಜಿ' ಅಂತ ಪುಸ್ತಕ ಬಂತು. ಆಮೇಲೆ ತುರ್ಕಿಯ ಮನೆಮನೆಗಳಲ್ಲಿ ನಮ್ಮಜ್ಜಿಯೂ ಹಾಗೇ ಅಂತ ಜನ ಬಾಯಿ ಬಿಡೋಕೆ ಶುರು ಮಾಡಿದರು.

ಊರು ಹೋದರೂ ಕೂಡಿ ಉಳಿದವರ ಉದಾಹರಣೆಯೂ ಇದೆ. ಮೆಡಿಟರೇನಿಯನ್ ಕಡಲ ದಂಡೆಯ ಮೂಸಾ ಬೆಟ್ಟದ ಆರು ಹಳ್ಳಿಯವರು ಗಡೀಪಾರಿನ ಆಜ್ಞೆ ಒಪ್ಪದೆ ಬೆಟ್ಟ ಹತ್ತಿದರು. ಐವತ್ತು ದಿನದಷ್ಟು ಕಾಲ ಸೈನ್ಯವನ್ನ ತಡೆದರು. ಫ್ರೆಂಚ್ ಹಡಗುಗಳು ಬಂದು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನ ಈಜಿಪ್ಟಿಗೆ ಒಯ್ದವು. ಯುದ್ಧ ಮುಗಿದ ಮೇಲೆ ವಾಪಸ್ ಬಂದರು. 1939ರಲ್ಲಿ ಆ ಸೀಮೆ ತುರ್ಕಿಗೆ ಸೇರಿತು, ಹೆಚ್ಚಿನವರು ಮತ್ತೆ ಗಂಟುಮೂಟೆ ಕಟ್ಟಿದರು. ಲೆಬನಾನಿನ ಅಂಜಾರ್‌ನಲ್ಲಿ ಹೊಸ ಊರು ಕಟ್ಟಿ, ಅದರ ಆರು ಕೇರಿಗಳಿಗೆ ಆ ಆರು ಹಳ್ಳಿಗಳ ಹೆಸರನ್ನೇ ಇಟ್ಟರು. ಪ್ರತಿ ಸೆಪ್ಟೆಂಬರಿನಲ್ಲಿ ದೊಡ್ಡ ಕೊಪ್ಪರಿಗೆಗಳಲ್ಲಿ ಗೋಧಿ, ಮಾಂಸ ಹಾಕಿ ರಾತ್ರಿಯೆಲ್ಲ ಬೇಯಿಸಿ, ಡೋಲು ಬಡಿದು ಹಂಚಿ ತಿಂತಾರೆ. ಆರರಲ್ಲಿ ವಾಕಿಫ್ಲಿ ಅನ್ನೋ ಒಂದೇ ಊರು ತುರ್ಕಿಯಲ್ಲಿ ಉಳೀತು. ಇವತ್ತು ಆ ದೇಶದಲ್ಲಿ ಉಳಿದಿರೋ ಆರ್ಮೇನಿಯನ್ ಹಳ್ಳಿ ಅದೊಂದೇ. 2023ರ ಫೆಬ್ರವರಿ ಭೂಕಂಪದಲ್ಲಿ ಅಲ್ಲಿನ ಮನೆಗಳೂ ಚರ್ಚೂ ಜಖಂ ಆದವು.

ನೆನಪಿಗೆ ಶತ್ರುಗಳು ಈಗಲೂ ಇದಾರೆ. ನಡೆದದ್ದು ನರಮೇಧ ಅಲ್ಲ ಅಂತ ತುರ್ಕಿ ಸರ್ಕಾರ ಇವತ್ತಿಗೂ ಹೇಳುತ್ತೆ. ಮೂವತ್ತಕ್ಕೂ ಹೆಚ್ಚು ದೇಶಗಳು ನರಮೇಧ ಅಂತ ಒಪ್ಪಿವೆ. ಆ ಪಟ್ಟಿಯಲ್ಲಿ ನಮ್ಮ ಭಾರತ ಇಲ್ಲ. ಇಸ್ತಾಂಬುಲಿನಲ್ಲಿ 'ಅಗೋಸ್' ಪತ್ರಿಕೆ ನಡೆಸಿ, ತುರ್ಕರೂ ಆರ್ಮೇನಿಯನ್ನರೂ ಕೂತು ಮಾತಾಡೋಣ ಅಂದ ಹ್ರಾಂತ್ ದಿಂಕ್‌ನನ್ನ 2007ರ ಜನವರಿ 19ರಂದು ಅವನ ಆಫೀಸಿನ ಮುಂದೆಯೇ ಗುಂಡಿಟ್ಟು ಕೊಂದರು. ಆದರೆ ಅವನ ಹೆಣದ ಹಿಂದೆ ಒಂದು ಲಕ್ಷದಷ್ಟು ಜನ ನಡೆದರು, ನಾವೆಲ್ಲ ಆರ್ಮೇನಿಯನ್ನರು ಅಂತ ಫಲಕ ಹಿಡಿದು. ದೇರ್ ಜೋರ್‌ನಲ್ಲಿ ಸತ್ತವರ ಮೂಳೆ ಇಟ್ಟು ಕಟ್ಟಿದ್ದ ಸ್ಮಾರಕ ಚರ್ಚನ್ನ 2014ರಲ್ಲಿ ಐಸಿಸ್ ಉಗ್ರರು ಸಿಡಿಸಿದರು. 2023ರ ಸೆಪ್ಟೆಂಬರಿನಲ್ಲಿ ನಾಗೊರ್ನೊ-ಕರಾಬಾಖ್ ಸೀಮೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಹೊರಟರು. ಮತ್ತೆ ಖಾಲಿ ಊರುಗಳು.

ಕೊನೇ ಮಾತು. ಸತ್ತವರು ಆರು ಲಕ್ಷವೋ ಹದಿನೈದು ಲಕ್ಷವೋ ಅಂತ ಸರ್ಕಾರಗಳು ಇನ್ನೂ ನೂರು ವರ್ಷ ಚರ್ಚೆ ಮಾಡಬಹುದು. ಆದರೆ ಬುಗ್ಗೆಯ ಪಕ್ಕದ ಮೂರನೇ ಮನೆ ಕಮ್ಮಾರನದು, ಅವನಿಗೆ ನಾಲ್ಕು ಮಕ್ಕಳು, ಹೆಂಡತಿ ಇಂಥ ಊರಿನವಳು ಅಂತ ಯಾರೋ ಒಬ್ಬ ಬರೆದಿಟ್ಟರೆ ಅದರ ಮುಂದೆ ಯಾವ ಸರ್ಕಾರ ಏನು ಚರ್ಚೆ ಮಾಡುತ್ತೆ? ಅಳು ಒಣಗಿಹೋಗುತ್ತೆ. ಪಟ್ಟಿ ಒಣಗೋಲ್ಲ. ಪಟ್ಟಿಯಲ್ಲಿ ಕಮ್ಮಾರನ ಹೆಸರು ಇದ್ದ ಹಾಗೆ ಅವನ ಹೆಂಡತಿಯ ಹೆಸರೂ ಇರಬೇಕು ಅನ್ನೋದು ಹೆರಾನುಷ್ ಅಜ್ಜಿ ಸೇರಿಸಿದ ತಿದ್ದುಪಡಿ.

ಹಬಾಬ್ ಊರಿಗೆ ಈಗ ಸರ್ಕಾರಿ ಹೆಸರು ಎಕಿನೋಜು. ಅಲ್ಲಿ ಆರ್ಮೇನಿಯನ್ನರ ಕಾಲದ ಎರಡು ನೀರಿನ ಕಟ್ಟೆಗಳು ಪಾಳು ಬಿದ್ದಿದ್ದವು. ಫೆತಿಯೆ ಚೆತಿನ್ ಮತ್ತು ಹ್ರಾಂತ್ ದಿಂಕ್ ಪ್ರತಿಷ್ಠಾನದವರು, ದೂರದಿಂದ ಬಂದ ಹುಡುಗ ಹುಡುಗಿಯರು, ಈಗ ಅಲ್ಲಿರೋ ಹಳ್ಳಿಗರು ಸೇರಿ 2011ರಲ್ಲಿ ಕಲ್ಲು ಕಲ್ಲು ಜೋಡಿಸಿ ಅವನ್ನ ಸರಿ ಮಾಡಿದರು. ನೀರು ಬಂತು. ಕಟ್ಟಿದವರ ಹೆಸರು ಹೇಳಿಕೊಂಡೇ ಈಗ ಅಲ್ಲಿ ಕೊಡ ತುಂಬಬಹುದು.